ಒಂದ ಹಾಳಿ ಸಾಕೇನ್ರಿ?

ಉಣಕಲ್ ಕ್ರಾಸಿನಿಂದ ವಿದ್ಯಾನಗರದವರೆಗಿನ ಝೆರಾಕ್ಸ್ ಅಂಗಡಿಗಳಿಗೆ ವರ್ಷದಲ್ಲಿ ಎರಡು ಸುಗ್ಗಿ. ಒಂದು ಪರೀಕ್ಷೆಯದು, ಇನ್ನೊಂದು ಕ್ಯಾಂಪಸ್ ಇಂಟರ್‌ವ್ಯೂಗಳದ್ದು. ಈ ಎರಡನೆಯ ಸುಗ್ಗಿಯಲ್ಲಿ ನಮ್ಮ ಮಾಳಿಗೆಯ ಖೋಲಿಗಳಲ್ಲಿ ಬಾಡಿಗೆಗಿರುವ ಇಂಜಿನಿಯರಿಂಗ್ ಹುಡುಗರು ಒಮ್ಮೆಲೇ ಸಭ್ಯರಾಗಿಬಿಡುತ್ತಾರೆ. ಗಡ್ಡ ತೆಗೆಸುತ್ತಾರೆ, ಅಂಗಿಗೆ ಇಸ್ತ್ರಿ ಹಾಕಿಸುತ್ತಾರೆ, ನಿನ್ನೆಯವರೆಗೆ ‘ಕಾಕಾ’ ಆಗಿದ್ದ ನನ್ನನ್ನು ‘ಸರ’ ಎಂದು ಕರೆಯುತ್ತಾರೆ. ನಾನು ನಿವೃತ್ತ ಇಂಗ್ಲಿಷ್ ಮಾಸ್ತರ. ಅವರ ರೆಸ್ಯೂಮ್ ತಿದ್ದಿಕೊಡುವುದು ಬಾಡಿಗೆ ಕರಾರಿನಲ್ಲಿ ಬರೆಯದೆ ಉಳಿದಿರುವ ಷರತ್ತು.

ಸ್ಪೆಲಿಂಗ್ ತಿದ್ದುವುದು ಸುಲಭ. ಜಗಳವೆಲ್ಲ ಉದ್ದದ್ದು. ಕಾಲೇಜಿನವರು ಒಂದೇ ಪುಟ ಅನ್ನುತ್ತಾರಂತೆ. ಬೆಂಗಳೂರು ಸೇರಿರುವ ಸೀನಿಯರ್ ಎರಡು ಅನ್ನುತ್ತಾನಂತೆ. ಅಂಗಡಿಯವನಿಗೆ ಪುಟದ ಲೆಕ್ಕದಲ್ಲಿ ದುಡ್ಡು, ಹಾಗಾಗಿ ಅವನದು ಉದಾರ ಮನಸ್ಸು: “ಎಷ್ಟ್ ಬೇಕಾದ್ರೂ ಹಾಕೋಣ, ತಗೋರಿ.”

ಈ ಸಲ ವಾದಕ್ಕೆ ಒಬ್ಬ ಹುಡುಗನ ಅಪ್ಪನೂ ಬಂದು ಕೂತರು. ನವಲಗುಂದದ ಕಡೆಯ ರೈತರು. ಮಗನ ರೆಸ್ಯೂಮನ್ನು ತಿರುವಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

“ಇಷ್ಟ ಏನ್ರೀ ಮಾಸ್ತರ? ನಾಕ್ ವರ್ಷ ರೊಕ್ಕಾ ಸುರುವೇನಿ. ಒಂದ ಹಾಳ್ಯಾಗ ಮುಗದಹೋತು?”

“ಕಂಪನಿಯವ್ರಿಗೆ ಓದಾಕ ಟೈಮ್ ಇರಂಗಿಲ್ಲಪಾ” ಅಂದ ಮಗ.

“ಓದಾಕ ಟೈಮ್ ಇಲ್ಲದವ್ರು ಪಗಾರ ಕೊಡಾಕರ ಎಲ್ಲಿಂದ ಟೈಮ್ ತರ್ತಾರ?”

ಇದಕ್ಕೆ ನನ್ನ ಬಳಿಯೂ ಉತ್ತರವಿರಲಿಲ್ಲ. ಚಹಾ ತರಿಸಿದೆ.

ಹಾಗೆಂದು ಉದ್ದ ಮಾಡುವುದು ಕಷ್ಟವೇನಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಮೂಲಪ್ರತಿ ಇದೆ. ಈ ಭಾಗದ ಇಂಜಿನಿಯರುಗಳೆಲ್ಲ ಅದರ ವಂಶಸ್ಥರು. ಎಲ್ಲರೂ ಸವಾಲು ತುಂಬಿದ ಸಂಸ್ಥೆಯಲ್ಲಿ ಬೆಳೆಯಬಯಸುವವರು, ಎಲ್ಲರೂ ಕಷ್ಟಪಟ್ಟು ದುಡಿಯುವವರು, ಎಲ್ಲರಿಗೂ ಸಂಗೀತ ಕೇಳುವ ಹವ್ಯಾಸ. ಕೊನೆಗೆ ಅಪ್ಪನ ಹೆಸರು, ಕಾಯಂ ವಿಳಾಸ, ‘ಮೇಲಿನದೆಲ್ಲ ನಿಜ’ ಎಂಬ ಪ್ರಮಾಣ, ಸ್ಥಳ: ಹುಬ್ಬಳ್ಳಿ, ತಾರೀಖು ಖಾಲಿ. ಹೆಸರು ಬದಲಿಸಿದರೆ ಮುಗಿಯಿತು. ಒಮ್ಮೆ ನಮ್ಮ ಮಾಳಿಗೆಯ ಪೈಲವಾನನಂಥ ಹುಡುಗನ ಹವ್ಯಾಸಗಳಲ್ಲಿ ರಂಗೋಲಿ, ಮೆಹಂದಿ ಉಳಿದುಬಿಟ್ಟಿದ್ದವು. ಇಂಟರ್‌ವ್ಯೂದಲ್ಲಿ ಕೇಳಿದಾಗ ಅವನು ಎದೆಗುಂದದೆ, “ಚುಕ್ಕಿ ರಂಗೋಲಿರಿ ಸರ” ಅಂದನಂತೆ.

ನಮ್ಮ ಸೀಮೆಗೆ ಈ ಉದ್ದದ ಚಟ ಹೊಸದಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಕಲ್ಯಾಣದ ಚಾಲುಕ್ಯರ ಕಾಲದ್ದು. ಆ ಅರಸರ ಶಾಸನಗಳನ್ನು ಓದಿ ನೋಡಿ: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ, ಸತ್ಯಾಶ್ರಯಕುಲತಿಲಕ, ಚಾಳುಕ್ಯಾಭರಣ. ಇಷ್ಟೆಲ್ಲ ದಾಟಿದ ಮೇಲೆ ಅರಸನ ಹೆಸರು. ಅದಕ್ಕೂ ಹಿಂದೆ, 634ರಲ್ಲಿ, ಐಹೊಳೆಯ ಮೇಗುಟಿ ಗುಡಿಯಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಶ್ಲೋಕದ ಮೇಲೆ ಶ್ಲೋಕ ಕಟ್ಟಿ ಹೊಗಳಿದ. ಕೊನೆಗೆ ತನ್ನ ಕೀರ್ತಿಯೂ ಕಾಳಿದಾಸ, ಭಾರವಿಯರ ಸಮ ಎಂದು ಸೇರಿಸಿದ. ಸಾಹೇಬರ ಬಯೋಡಾಟಾ ಟೈಪು ಮಾಡುತ್ತ ಕೆಳಗೆ ತನ್ನದನ್ನೂ ಅಂಟಿಸಿದ ಜಾಣ! ಅವನ ಪುಣ್ಯಕ್ಕೆ ನಾವು ಕಾಳಿದಾಸನ ಕಾಲ ನಿಗದಿ ಮಾಡಲು ಇವತ್ತಿಗೂ ಆ ಸಾಲನ್ನೂ ಹಿಡಿಯುತ್ತೇವೆ.

ಇದಕ್ಕೆ ತೀರ ಉಲ್ಟಾ ಮಲ್ಲಿತಮ್ಮ. 13ನೇ ಶತಮಾನದ ಹೊಯ್ಸಳ ಶಿಲ್ಪಿ. ಸೋಮನಾಥಪುರದಲ್ಲಿ ತಾನು ಕಡೆದ ಮೂರ್ತಿಗಳ ಕೆಳಗೆ ಕೆಲವೆಡೆ ‘ಮಲ್ಲಿ’ ಎಂದು ಕೆತ್ತಿದ್ದಾನೆ, ಕೆಲವೆಡೆ ಬರೀ ‘ಮ’. ಅಪ್ಪನ ಹೆಸರಿಲ್ಲ, ಹವ್ಯಾಸವಿಲ್ಲ.

ಈ ಕಥೆ ಹೇಳಿದಾಗ ಹುಡುಗ ಹಿಗ್ಗಿದ; ಒಂದು ಪುಟವೂ ಹೆಚ್ಚಾಯಿತು ಎಂಬ ಭಾವ. “ತಡಿ ತಮ್ಮಾ,” ಅಂದೆ, “ಆ ‘ಮ’ ಮ್ಯಾಲ ಮೂರ್ತಿ ನಿಂತೈತಿ. ನಿನ್ನ ಹೆಸರಿನ ಮ್ಯಾಲ ಏನೈತಿ?” ಅವನ ಹೆಸರಿನ ಮೇಲೆ ನಾಲ್ವರು ಸೇರಿ ಮಾಡಿದ, ಅಂದರೆ ಒಬ್ಬ ಮಾಡಿ ಮೂವರು ನೋಡಿದ, ಒಂದು ಪ್ರಾಜೆಕ್ಟ್ ಇತ್ತು. ಇವನು ಮಾಡಿದವನೋ ನೋಡಿದವನೋ ನಾನು ಕೇಳಲಿಲ್ಲ.

ಆಗ ಅಪ್ಪ ಸಿಟ್ಟಿನಲ್ಲೇ ಒಂದು ಮಾತು ಆಡಿದರು. ಪ್ರತಿ ವರ್ಷ ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ತಂದಾಗ ಪಟ್ಟಿ ನೋಡುವವನು ಈ ಮಗನೇ ಅಂತೆ. ಚೀಲ ಎಷ್ಟು, ತೂಕ ಎಷ್ಟು, ಹಮಾಲಿ, ಲಾರಿ ಬಾಡಿಗೆ ಎಲ್ಲ ಕಳೆದು ಕೈಗೆ ಬರುವುದೆಷ್ಟು ಎಂದು ಮೊಬೈಲಿನಲ್ಲಿ ಒಂದು ಶೀಟ್ ಮಾಡಿಟ್ಟಿದ್ದಾನೆ. ಓಣಿಯವರೆಲ್ಲ ಯಾವ ವಾರ ಮಾಲು ಕಳಿಸಬೇಕೆಂದು ಅವನನ್ನೇ ಕೇಳುತ್ತಾರೆ.

“ಇದನ್ಯಾಕ ಬರದಿಲ್ಲೋ?”

“ಅದೇನ್ ಬರಿಯೂದ್ರೀ ಸರ, ಉಳ್ಳಾಗಡ್ಡಿ!”

ಬರೆಸಿದೆ. ಜಾಗ ಸಾಲದಾಯಿತು. ಸಂಗೀತ, ಕಷ್ಟಪಡುವ ಸ್ವಭಾವ, ಸವಾಲಿನ ಸಂಸ್ಥೆ ಮೂರನ್ನೂ ಹೊಡೆದುಹಾಕಿದೆವು. ಒಂದೇ ಹಾಳಿ ಆಯಿತು, ಆದರೆ ಈಗ ಅದರಲ್ಲಿ ಅಪ್ಪನ ಹೊಲವೂ ಇತ್ತು. ಅವರು ಇನ್ನೊಮ್ಮೆ ಹಿಂಬದಿ ತಿರುವಿ ನೋಡಲಿಲ್ಲ. ಮುಂದಿನ ಇಂಟರ್‌ವ್ಯೂದಲ್ಲಿ ಕೋಡಿಂಗಿಗಿಂತ ಹೆಚ್ಚು ಉಳ್ಳಾಗಡ್ಡಿಯ ದರವನ್ನೇ ಕೇಳಿದರಂತೆ. ಹುಡುಗ ಬೇಜಾರಿನಿಂದ ಬಂದ. ನನಗೇನೋ ಅದು ಒಳ್ಳೆಯ ಲಕ್ಷಣ ಅನ್ನಿಸಿತು.

ನನ್ನ ತೀರ್ಪು ಇಷ್ಟೇ. ಈಗಷ್ಟೇ ಕಾಲೇಜು ಬಿಟ್ಟವರಿಗೆ ಒಂದು ಹಾಳಿ, ಹತ್ತು-ಹದಿನೈದು ವರ್ಷ ದುಡಿದವರಿಗೆ ಎರಡು. ಪ್ರೊಫೆಸರರು ಎಷ್ಟು ಬೇಕಾದರೂ ಬರೆದುಕೊಳ್ಳಲಿ. ಅವರ ಪ್ರಬಂಧಗಳ ಪಟ್ಟಿ ಎಣಿಸುವವರು ಬೇರೆಯೇ ಇರುತ್ತಾರೆ. ಸರಕಾರಿ ನೌಕರಿಗಾದರೆ ಈ ಚಿಂತೆಯೇ ಇಲ್ಲ, ಅರ್ಜಿ ನಮೂನೆಯ ಚೌಕಗಳೇ ಉದ್ದ ಗೊತ್ತು ಮಾಡುತ್ತವೆ. ಯಾವ ಸಾಲಿನ ಮೇಲೆ ಪ್ರಶ್ನೆ ಬಿದ್ದರೆ ಐದು ನಿಮಿಷ ಮಾತಾಡಲು ಬರುವುದಿಲ್ಲವೋ ಆ ಸಾಲು ತೆಗೆಯಿರಿ. ಅಂಗಡಿಯಲ್ಲೇ ಟೈಪು ಮಾಡಿಸುವವರು, ದಯವಿಟ್ಟು, ಪ್ರಿಂಟ್ ಕೊಡುವ ಮೊದಲು ಅಪ್ಪನ ಹೆಸರು ನಿಮ್ಮಪ್ಪನದೇ ಹೌದೋ ಅಲ್ಲವೋ ನೋಡಿಕೊಳ್ಳಿ.