ಎಣಿಸಿ ತಿನ್ನುವ ಗಿಡ

ಸಂಜೆ ಆರಾಯಿತೆಂದರೆ ನಮ್ಮ ಬಾಲ್ಕನಿಯಲ್ಲಿ ಸೊಳ್ಳೆಗಳದ್ದೇ ದರಬಾರು. ಹಾಗಾಗಿ ನರ್ಸರಿಯವನು ‘ಸೊಳ್ಳೆ, ನೊಣ ಎಲ್ಲಾ ತಿನ್ನುತ್ತೆ ಸಾರ್’ ಎಂದು ಅಂಗೈಯಗಲದ ಕುಂಡವೊಂದನ್ನು ಮುಂದಿಟ್ಟಾಗ ಚೌಕಾಸಿ ಮಾಡುವುದನ್ನೂ ಮರೆತು 450 ರೂಪಾಯಿ ಕೊಟ್ಟುಬಂದೆ.

ಹೆಸರು ವೀನಸ್ ಫ್ಲೈಟ್ರ್ಯಾಪ್. ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ಜೌಗು ನೆಲ. 1875ರಲ್ಲಿ ಕೀಟಾಹಾರಿ ಸಸ್ಯಗಳ ಮೇಲೆ ಒಂದು ಪುಸ್ತಕವನ್ನೇ ಬರೆದ ಡಾರ್ವಿನ್ ಇದಕ್ಕೆ ಮರುಳಾಗಿದ್ದನಂತೆ. ಅವನಿಗೆ ಬೋರ್‌ವೆಲ್ ನೀರಿನ ಕಾಟವಿರಲಿಲ್ಲ. ನಾನು ಒಂದು ವಾರ ನಲ್ಲಿ ನೀರು ಹೊಯ್ದೆ, ಜೊತೆಗೆ ಪ್ರೀತಿಯಿಂದ ಒಂದು ಹಿಡಿ ಗೊಬ್ಬರ. ಗಿಡ ಕರ್ರಗಾಗತೊಡಗಿತು. ಸತ್ವವಿಲ್ಲದ ನೆಲದಲ್ಲಿ ಹುಟ್ಟಿ, ಆ ಕೊರತೆ ತುಂಬಿಕೊಳ್ಳಲೆಂದೇ ಹುಳು ಹಿಡಿಯಲು ಕಲಿತ ಗಿಡವಿದು. ಅದಕ್ಕೆ ಗೊಬ್ಬರವೂ ವಿಷ, ನೀರಿನ ಲವಣವೂ ವಿಷ. ಮಳೆನೀರಾಗಬೇಕು, ಇಲ್ಲವೇ ಡಿಸ್ಟಿಲ್ಡ್ ವಾಟರ್.

‘ರೀ, ಇನ್ವರ್ಟರ್‌ಗೆ ತಂದಿದ್ದ ಬ್ಯಾಟರಿ ನೀರೆಲ್ಲಿ?’

‘ಗಿಡಕ್ಕೆ ಹಾಕಿದೆ.’

‘ಕರೆಂಟು ಹೋದಾಗ ಅದನ್ನೇ ಹಚ್ಚಿಕೊಳ್ಳಿ.’

ಗಿಡ ಚೇತರಿಸಿಕೊಂಡಿತು. ನಾನು ಕುರ್ಚಿ ಹಾಕಿಕೊಂಡು ಕಾವಲು ಕೂತೆ. ರೆಪ್ಪೆಗೂದಲಿರುವ ಕಣ್ಣಿನಂಥ ಬಾಯಿ. ಒಳಗೆ ಆ ಬದಿ ಮೂರು, ಈ ಬದಿ ಮೂರು ನವಿರು ಕೂದಲು. ನೊಣ ಒಮ್ಮೆ ತಾಗಿದರೆ ಗಿಡಕ್ಕೆ ಲೆಕ್ಕವೇ ಇಲ್ಲ. ಸುಮಾರು 20 ಸೆಕೆಂಡಿನೊಳಗೆ ಇನ್ನೊಮ್ಮೆ ತಾಗಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಯಿ ಬಂದ್. ರಾತ್ರಿ ಹೊತ್ತು ಯಾರಾದರೂ ಒಂದೇ ಸಲ ಕೂಗಿದರೆ ಓಗೊಡಬೇಡ, ಎರಡನೇ ಸಲವೂ ಕೂಗಿದರೆ ಮನುಷ್ಯರೇ ಎನ್ನುತ್ತಿದ್ದಳು ನಮ್ಮಜ್ಜಿ. ಇದೂ ಅದೇ ಲೆಕ್ಕ. ಬಾಯಿ ಮುಚ್ಚಿದ ಮೇಲೂ ಗಿಡಕ್ಕೆ ನಂಬಿಕೆಯಿಲ್ಲ. ಒಳಗಿನದು ಒದ್ದಾಡಿ ಒದ್ದಾಡಿ ಎಣಿಕೆ ಐದರ ಹತ್ತಿರ ಬಂದಮೇಲೇ ಜೀರ್ಣರಸ ಬಿಡುವುದು. ಹತ್ತು ಹನ್ನೆರಡು ದಿನ ಕಳೆದು ಬಾಯಿ ತೆರೆದರೆ ಒಳಗೆ ಬರೀ ಸಿಪ್ಪೆ.

ಆದರೆ ಮನೆಗೆ ಬಂದವರೆಲ್ಲ ಪೆನ್ನಿನ ತುದಿಯಿಂದ ಚುಚ್ಚಿ ನೋಡುವವರೇ. ಒಂದು ಬಾಯಿ ತನ್ನ ಬಾಳಿನಲ್ಲಿ ಮುಚ್ಚಬಲ್ಲದ್ದು ಕೆಲವೇ ಸಲ. ಅತಿಥಿಗಳ ಮನರಂಜನೆಗೇ ಮೂರು ಬಾಯಿ ಕಪ್ಪಾಗಿ ಉದುರಿದವು. ಊರಿಂದ ಬಂದ ಅಣ್ಣನಂತೂ ಹಣೆ ಚಚ್ಚಿಕೊಂಡ: ‘ಹುಳ ತಿನ್ನುವ ಗಿಡಕ್ಕೆ ದುಡ್ಡು ಕೊಟ್ಟೆಯಾ ಮಾರಾಯ?’ ನಿಜವೇ. ಮಂಗಳೂರು ಕಡೆಯ ನಮ್ಮ ಮುರಕಲ್ಲು ಪದವಿನಲ್ಲಿ ಮಳೆ ಇಳಿಯುವ ಹೊತ್ತಿಗೆ ಅಂಟು ಹನಿಯಲ್ಲೇ ಹುಳ ಹಿಡಿಯುವ ಕೆಂಪು ಡ್ರೊಸೆರಾ ಗಿಡ ನೆಲಕ್ಕಂಟಿ ಮಿನುಗುತ್ತಿರುತ್ತದೆ. ದನ ಅಟ್ಟಿಕೊಂಡು ಅದರ ಮೇಲೇ ಬರಿಗಾಲಲ್ಲಿ ಓಡಿದವರು ನಾವು.

ಇಷ್ಟಾಗಿ ಸೊಳ್ಳೆ? ತಿಂಗಳಾದರೂ ಒಂದೂ ಬೀಳಲಿಲ್ಲ. ಅದಕ್ಕೆ ಸಿಗುವುದೆಲ್ಲ ತೆವಳಿ ಬರುವ ಇರುವೆ, ಜೇಡ. ಕುಂಡದ ಮೇಲೆ ಬಾಗಿ ಕಾದಿದ್ದ ನನಗೇ ಮೊಣಕೈಗೊಂದು ಕಚ್ಚಿತು. ಪಟ್ಟನೆ ಹೊಡೆದೆ. ಹೊಟ್ಟೆ ಒಡೆಯದಂತೆ ಅದನ್ನೆತ್ತಿ ಬಾಯೊಳಗಿಟ್ಟೆ. ಸತ್ತದ್ದು ಒದ್ದಾಡುವುದಿಲ್ಲವಲ್ಲ, ಅದರ ಪರವಾಗಿ ನಾನೇ ಊದುಬತ್ತಿ ಕಡ್ಡಿಯಿಂದ ಐದಾರು ಸಲ ಕೂದಲು ತೀಡಿದೆ. ಗಿಡ ಒಪ್ಪಿ ನುಂಗಿತು.

ಸಂಭ್ರಮದಿಂದ ಇವಳನ್ನು ಕರೆದು ತೋರಿಸಿದೆ. ಸೊಳ್ಳೆ ನೋಡಿದಳು, ನನ್ನ ಮೊಣಕೈಯ ದದ್ದು ನೋಡಿದಳು. ‘ಅದರ ಹೊಟ್ಟೆಯಲ್ಲಿದ್ದದ್ದು ನಿಮ್ಮದೇ ರಕ್ತ ಅಲ್ವಾ?’ ಎಂದು ಒಳಗೆ ಹೋದಳು.