ವಿರಾಮಾಧಿಕಾರ ಮೀಮಾಂಸೆ: ಶಿಳ್ಳೆ ಮತ್ತು ಕುಕ್ಕರಿನ ಹಿನ್ನೆಲೆಯಲ್ಲಿ ಚಿತ್ರದರ್ಶನದ ಸ್ಥಾನನಿರ್ಣಯ

ಸಿನಿಮಾವನ್ನು ಥಿಯೇಟರಿಗೆ ಹೋಗಿ ನೋಡುವುದು ಮೇಲೋ, ಮನೆಯಲ್ಲೇ ಕುಳಿತು ನೋಡುವುದು ಮೇಲೋ ಎಂಬ ವಿವಾದವು ತೀರ ಇತ್ತೀಚಿನದೆಂಬ ಭಾವನೆ ವಿದ್ವಾಂಸರಲ್ಲಿಯೂ ವಿದ್ವಾಂಸರಲ್ಲದವರಲ್ಲಿಯೂ ಸಮಾನವಾಗಿ ಬೇರೂರಿದೆ. 1934ರ ಮಾರ್ಚ್ 3ರಂದು ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆ ಕಂಡಾಗ, ಅದನ್ನು ಮನೆಯಲ್ಲೇ ಮಲಗಿಕೊಂಡು ನೋಡುವೆನೆಂದು ಯಾರಾದರೂ ಹೇಳಿದ್ದರೆ ಮನೆಯವರು ಅವರಿಗೆ ದೃಷ್ಟಿ ತೆಗೆಯುತ್ತಿದ್ದರೇ ಹೊರತು ವಾದಕ್ಕೆ ಇಳಿಯುತ್ತಿರಲಿಲ್ಲ ಎಂಬುದು ನಿಜವಾದರೂ, ವಿವಾದದ ಬೇರು ಅದಕ್ಕಿಂತ ಬಹಳ ಆಳದಲ್ಲಿದೆ. ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ, ಹೊಯ್ಸಳ ಮುಮ್ಮಡಿ ನರಸಿಂಹನ ದಂಡನಾಯಕನಾದ ಸೋಮನಾಥನು 1268ರಲ್ಲಿ ಕಟ್ಟಿಸಿದ ಕೇಶವ ದೇವಾಲಯದ ಹೊರಗೋಡೆಯ ಮುಂದೆ ನಿಲ್ಲದೆ ಈ ಪ್ರಶ್ನೆಯನ್ನು ಇತ್ಯರ್ಥ ಮಾಡಲು ಹೊರಟವರೆಲ್ಲ ದಾರಿ ತಪ್ಪಿದ್ದಾರೆಂಬುದು ಈ ಪ್ರಬಂಧದ ಪ್ರತಿಜ್ಞೆ.

ಪ್ರಸ್ತುತ ವಿಷಯದಲ್ಲಿ ಎರಡು ಪಕ್ಷಗಳಿವೆ. ಥಿಯೇಟರೇ ಶ್ರೇಷ್ಠವೆನ್ನುವವರನ್ನು ಮಂದಿರಪಕ್ಷದವರೆಂದೂ, ಮನೆಯೇ ಶ್ರೇಷ್ಠವೆನ್ನುವವರನ್ನು ಸೋಫಾಪಕ್ಷದವರೆಂದೂ ಇಲ್ಲಿ ಕರೆಯಲಾಗುವುದು. ಚಾಪೆಯ ಮೇಲೆ ಮಲಗಿ ಫೋನಿನಲ್ಲಿ ನೋಡುವವರೂ ಶಾಸ್ತ್ರದ ಅನುಕೂಲಕ್ಕಾಗಿ ಸೋಫಾಪಕ್ಷದಲ್ಲಿಯೇ ಸೇರುತ್ತಾರೆ. ಮಂದಿರಪಕ್ಷವು ಪರದೆಯ ಗಾತ್ರವನ್ನೂ ಸದ್ದಿನ ಗಾಂಭೀರ್ಯವನ್ನೂ ಮುಂದಿಟ್ಟರೆ, ಸೋಫಾಪಕ್ಷವು ಪಾರ್ಕಿಂಗ್ ಶುಲ್ಕವನ್ನೂ ಪಾಪ್‌ಕಾರ್ನಿನ ಬೆಲೆಯನ್ನೂ ಮುಂದಿಡುತ್ತದೆ. ಎರಡೂ ವಾದಗಳು ದುರ್ಬಲ. ದೀಪಾವಳಿಯಿಂದ ದೀಪಾವಳಿಗೆ ಟಿವಿಯ ಅಗಲ ಹೆಚ್ಚುತ್ತ ಬರುತ್ತಿರುವುದರಿಂದ ಗಾತ್ರದ ವಾದವು ಯಾವುದಾದರೊಂದು ಕಂತಿನ ಸಾಲದೊಡನೆ ತಾನಾಗಿಯೇ ಬಿದ್ದುಹೋಗುತ್ತದೆ. ಪಾಪ್‌ಕಾರ್ನಿನ ವಾದಕ್ಕೆ ಮನೆಯಿಂದ ಹೊಟ್ಟೆತುಂಬ ಉಂಡು ಹೊರಡುವುದೇ ಸಾಕಾದ ಉತ್ತರ. ನಿಜವಾದ ಭೇದವು ವಿರಾಮಾಧಿಕಾರದಲ್ಲಿದೆ. ವಿರಾಮಾಧಿಕಾರವೆಂದರೆ ನಡೆಯುತ್ತಿರುವ ಕಥೆಯನ್ನು ನಡುವೆ ತಡೆದು ನಿಲ್ಲಿಸುವ ಹಕ್ಕು. ಅದು ಯಾರ ಕೈಯಲ್ಲಿದೆ ಎಂಬುದರ ಮೇಲೆಯೇ ನೋಟದ ಸತ್ತ್ವ ನಿಂತಿದೆಯೆಂದೂ, ನೋಡುವವನ ಕೈಗೆ ಆ ಹಕ್ಕು ಹೆಚ್ಚಿದಷ್ಟೂ ಕಥೆಯ ಹಿಡಿತ ಸಡಿಲುತ್ತದೆಯೆಂದೂ ಇಲ್ಲಿ ಸಾಧಿಸಲಾಗುವುದು.

ಸೋಮನಾಥಪುರದ ದೇವಾಲಯವು ತ್ರಿಕೂಟ, ಅಂದರೆ ಒಂದೇ ನವರಂಗಕ್ಕೆ ತೆರೆದುಕೊಳ್ಳುವ ಮೂರು ಗರ್ಭಗುಡಿಗಳ ಕಟ್ಟಡ. ಪಶ್ಚಿಮದಲ್ಲಿ ಕೇಶವ, ಉತ್ತರದಲ್ಲಿ ಜನಾರ್ದನ, ದಕ್ಷಿಣದಲ್ಲಿ ವೇಣುಗೋಪಾಲ. ಒಂದೇ ಪಡಸಾಲೆಯಿಂದ ಮೂರು ಕಡೆಗೆ ಪ್ರವೇಶವಿರುವ ಇಂಥ ರಚನೆಗೆ ಇಂದಿನವರು ಮಲ್ಟಿಪ್ಲೆಕ್ಸ್ ಎನ್ನುತ್ತಾರೆ. ಹೊಯ್ಸಳರು ಅದನ್ನು ಎಸ್ಕಲೇಟರಿನ ನೆರವಿಲ್ಲದೆ ಸಾಧಿಸಿದ್ದರು. ಆದರೆ ಪ್ರಕೃತ ವಿಚಾರಕ್ಕೆ ಮುಖ್ಯವಾದದ್ದು ಒಳಗಿನ ವ್ಯವಸ್ಥೆಯಲ್ಲ, ಹೊರಗಿನದು. ನಕ್ಷತ್ರಾಕಾರದ ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಮೇಲೆ ಗುಡಿಯನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಹೊರಟವರಿಗೆ ಗೋಡೆಯ ಬುಡದಲ್ಲಿ ಪಟ್ಟಿಪಟ್ಟಿಯಾಗಿ ಕೆತ್ತನೆ ಸಿಗುತ್ತದೆ: ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ, ಬಳ್ಳಿಯ ಮೇಲೆ ಕಥೆ, ಅದರ ಮೇಲೆ ಮಕರ, ಹಂಸ. ಕಥೆಯ ಪಟ್ಟಿಯಲ್ಲಿ ದಕ್ಷಿಣಕ್ಕೆ ರಾಮಾಯಣ, ಹಿಂಬದಿಗೆ ಭಾಗವತ, ಉತ್ತರಕ್ಕೆ ಮಹಾಭಾರತ. ಇಲ್ಲಿ ಕಥೆ ಕಲ್ಲಾಗಿ ನಿಂತಿರುತ್ತದೆ, ನೋಡುವವನೇ ನಡೆಯಬೇಕು. ಅವನು ನಡೆದರೆ ವನವಾಸ ಮುಂದುವರಿಯುತ್ತದೆ, ನಿಂತರೆ ರಾಮನೂ ಅಲ್ಲೇ ನಿಲ್ಲುತ್ತಾನೆ. ಮೆಟ್ಟಿಲು ಹತ್ತಿದವರು ಅವಸರದಲ್ಲಿ ಬಲಕ್ಕೆ ತಿರುಗಿಬಿಟ್ಟರೆ ಮಹಾಭಾರತವು ಹಿಂದುಮುಂದಾಗಿ ಮೊದಲು ಬಂದು, ಯುದ್ಧ ಮುಗಿದ ಮೇಲೆ ಜೂಜಾಡಲು ಕುಳಿತ ಪಾಂಡವರು ಎದುರಾಗುತ್ತಾರೆ. ರಿವೈಂಡ್ ಎಂಬ ಕ್ರಿಯೆಯ ಅತ್ಯಂತ ಹಳೆಯ ಉದಾಹರಣೆ ಇದೇ ಇರಬೇಕು.

ಇದರಿಂದ ಸೋಫಾಪಕ್ಷದವರು ಕೂಡಲೇ ಹಿಗ್ಗುವ ಸಂಭವವಿದೆ. ವಿರಾಮಾಧಿಕಾರವು ನೋಡುವವನ ಕಾಲಿನಲ್ಲಿಯೇ ಇದ್ದಮೇಲೆ ಹೊಯ್ಸಳ ಶಿಲ್ಪಿಗಳು ನಮ್ಮವರೇ ಆದರಲ್ಲ ಎಂದು ಅವರು ಆಕ್ಷೇಪಿಸಬಹುದು. ಆಕ್ಷೇಪ ನಿಲ್ಲುವುದಿಲ್ಲ. ಜಗತಿಯ ಮೇಲೆ ನಿಂತವನ ಹಿಂದೆ ಊರಿನ ಸೋದರತ್ತೆ, ನೆಂಟರ ಮಕ್ಕಳು, ಶಾಲಾ ಪ್ರವಾಸಕ್ಕೆ ಬಂದ ಎಪ್ಪತ್ತು ಹುಡುಗರು ಮತ್ತು ‘ಬೇಗ ನಡೀರಿ, ಬಸ್ಸಿಗೆ ಹೊತ್ತಾಯ್ತು’ ಎನ್ನುವ ಮೇಷ್ಟ್ರು ಇದ್ದೇ ಇರುತ್ತಾರಾದ್ದರಿಂದ, ಅವನು ನಿಲ್ಲುತ್ತೇನೆಂದರೂ ಹಿಂದಿನ ಜನ ನಿಲ್ಲಗೊಡುವುದಿಲ್ಲ. ಸಂಜೆಗೆ ಕಾವಲಿನವರು ಬಾಗಿಲು ಹಾಕುವುದರಿಂದ ಇಲ್ಲಿ ಸೆಕೆಂಡ್ ಶೋ ಸಹ ಇಲ್ಲವೆಂಬುದನ್ನು ಗಮನಿಸಬೇಕು.

ಪ್ರಸಂಗವಶಾತ್ ಹೇಳಬೇಕಾದ ಇನ್ನೊಂದು ಮಾತಿದೆ. ಈ ಗುಡಿಯ ಶಿಲ್ಪಿಗಳು ತಮ್ಮ ವಿಗ್ರಹಗಳ ಪೀಠದಲ್ಲಿ ಹೆಸರು ಕೆತ್ತಿದ್ದಾರೆ; ಮಲ್ಲಿತಮ್ಮ, ಮಸಣಿತಮ್ಮ, ಚಾಮೆಯ, ರಾಮೆಯ ಮುಂತಾದವರ ಈ ಸಾಲನ್ನು ಟೈಟಲ್ ಕಾರ್ಡ್ ಎಂದಲ್ಲದೆ ಬೇರೇನೆಂದೂ ವ್ಯಾಖ್ಯಾನಿಸಲಾಗದು. ಮಲ್ಲಿತಮ್ಮನ ಹೆಸರಂತೂ ನಲವತ್ತರ ಹತ್ತಿರ ವಿಗ್ರಹಗಳಲ್ಲಿದೆ. ಹೀಗಿದ್ದೂ ಕನ್ನಡದ ಮೊದಲ ವರ್ಣಚಿತ್ರವು 1964ರಲ್ಲಿ ಬಂದಾಗ ಅದು ‘ಅಮರಶಿಲ್ಪಿ ಜಕಣಾಚಾರಿ’ಯಾಯಿತೇ ಹೊರತು ‘ಅಮರಶಿಲ್ಪಿ ಮಲ್ಲಿತಮ್ಮ’ನಾಗಲಿಲ್ಲ. ಟೈಟಲ್ ಕಾರ್ಡ್ ತೋರಿಸುವಾಗ ಜನ ಇನ್ನೂ ಸೀಟು ಹುಡುಕುತ್ತಿರುತ್ತಾರೆ ಎಂಬ ಸತ್ಯಕ್ಕೆ ಇದಕ್ಕಿಂತ ಗಟ್ಟಿಯಾದ ಶಾಸನಾಧಾರ ಸಿಗಲಾರದು.

ಶಿಲೆಯಿಂದ ಬಟ್ಟೆಗೆ ಬಂದರೆ ಟೂರಿಂಗ್ ಟಾಕೀಸಿನ ಯುಗ. ಟೂರಿಂಗ್ ಟಾಕೀಸ್ ಎಂದರೆ ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಟೆಂಟು ಹಾಕಿ, ಮಳೆಗಾಲ ಬರುವ ಮುನ್ನ ಬಿಚ್ಚಿಕೊಂಡು ಹೋಗುತ್ತಿದ್ದ ಚಿತ್ರಮಂದಿರ. ಕಾವೇರಿ ಕಪಿಲೆಯರ ನಡುವಿನ ಊರುಗಳಲ್ಲಿಯೂ ಕರ್ನಾಟಕದ ಉಳಿದ ಭಾಗಗಳಲ್ಲಿಯೂ ಸಂಜೆಯಾಗುತ್ತಲೇ ಟೆಂಟಿನ ಧ್ವನಿವರ್ಧಕದಿಂದ ಘಂಟಸಾಲ ಹಾಡಿದ ವೆಂಕಟೇಶ ಸ್ತುತಿ ಕೇಳಿಬಂದರೆ, ಹೊಲದಲ್ಲಿದ್ದವರು ಎತ್ತಿನ ಕೊರಳು ಬಿಚ್ಚಿ ಮನೆಯ ಕಡೆ ಓಡಬೇಕೆಂಬುದು ಅದರ ಅರ್ಥ. ಒಳಗೆ ನೆಲವೆಂಬ ತರಗತಿ ಪರದೆಗೆ ತೀರ ಹತ್ತಿರ. ಅಲ್ಲಿ ಕುಳಿತವರು ಮುಂದೆ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂತು ಎತ್ತರ ಗಿಟ್ಟಿಸುತ್ತಿದ್ದರು, ಹಿಂದಿನವರು ಅದಕ್ಕಿಂತ ದೊಡ್ಡ ಗುಡ್ಡೆ ಮಾಡುತ್ತಿದ್ದರು, ಮೂರನೆಯ ರೀಲಿನ ಹೊತ್ತಿಗೆ ಟೆಂಟಿನೊಳಗೆ ಒಂದು ಭೂಗೋಳವೇ ರಚನೆಯಾಗುತ್ತಿತ್ತು. ಬೆಂಚು, ಕುರ್ಚಿಗಳು ಅದರ ಹಿಂದೆ. ಪಟ್ಟಣದ ಥಿಯೇಟರಿನಲ್ಲಿ ಇದೇ ನೆಲವು ಗಾಂಧಿ ಕ್ಲಾಸ್ ಎಂಬ ಹೆಸರು ಪಡೆಯಿತು.

ಟೆಂಟಿನ ವಿಷಯದಲ್ಲಿ ಸಿದ್ಧಾಂತಕ್ಕೆ ಒಂದು ತೊಡಕಿದೆ. ಒಂದೇ ಪ್ರೊಜೆಕ್ಟರ್ ಇದ್ದ ಕಡೆಗಳಲ್ಲಿ ರೀಲು ಬದಲಿಸುವಾಗಲೆಲ್ಲ ಕಥೆ ನಿಲ್ಲುತ್ತಿತ್ತು. ಖಳನು ಕತ್ತಿ ಎತ್ತಿದ ಗಳಿಗೆಯಲ್ಲಿ ದೀಪ ಹತ್ತಿ, ಕಡ್ಲೆಪುರಿಯವನು ಒಳಗೆ ಬರುತ್ತಿದ್ದ. ಆದರೆ ಆ ವಿರಾಮವು ಎಲ್ಲರಿಗೂ ಒಟ್ಟಿಗೆ ಒದಗಿದ ವಿರಾಮ; ಯಾರೊಬ್ಬನ ಇಷ್ಟಕ್ಕೂ ಒಳಪಟ್ಟಿರಲಿಲ್ಲ. ಕತ್ತಿ ಎಲ್ಲರ ತಲೆಯ ಮೇಲೆಯೂ ಏಕಕಾಲಕ್ಕೆ ತೂಗುತ್ತಿತ್ತಾದ್ದರಿಂದ ನಡುವಿನ ಚರ್ಚೆಯೂ ಕಥೆಯ ಭಾಗವೇ ಆಗಿತ್ತು.

ಈಗ ಅಲಂಕಾರಶಾಸ್ತ್ರದ ಕಡೆ ತಿರುಗಬಹುದು. ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಒಂದು, ನೋಡುವವನು ತನ್ನದೇ ಸುಖದುಃಖಗಳಿಗೆ ಪರವಶನಾಗಿರುವುದು. ಅಂದರೆ ಮುಂದೆ ಶಕುಂತಲೆ ಅಳುತ್ತಿದ್ದರೂ ಮನಸ್ಸು ಸಾಲದ ಕಂತಿನ ಸುತ್ತ ಸುತ್ತುವುದು. ಇದಕ್ಕೆ ಪರಿಹಾರವಾಗಿಯೇ ರಂಗಮಂಟಪದ ಅಲಂಕಾರ, ಗೀತ, ವಾದ್ಯಗಳೆಲ್ಲ ಇವೆಯೆಂದು ಅವನ ಮತ. ಕಾಶ್ಮೀರದ ಆ ಆಚಾರ್ಯನಿಗೆ ಪ್ರೆಶರ್ ಕುಕ್ಕರಿನ ಪರಿಚಯವಿರಲಿಲ್ಲ. ಇದ್ದಿದ್ದರೆ ಎಂಟನೆಯ ವಿಘ್ನವನ್ನು ಖಂಡಿತ ಸೇರಿಸುತ್ತಿದ್ದ.

ಇಲ್ಲಿಂದಲೇ ಶಿಳ್ಳೆಯ ವಿಭಜನೆ ಆರಂಭವಾಗುತ್ತದೆ. ಶಿಳ್ಳೆಯು ಎರಡು ಬಗೆ: ಅಭಿಮಾನಿಜನ್ಯ ಮತ್ತು ಕುಕ್ಕರ್‌ಜನ್ಯ. ಅಭಿಮಾನಿಜನ್ಯ ಶಿಳ್ಳೆಯು ನಾಯಕನ ಬೂಟು ಪರದೆಯ ಮೇಲೆ ಕಾಣಿಸಿದೊಡನೆ, ಮುಖ ಕಾಣುವ ಮೊದಲೇ ಹೊಮ್ಮಿ ನೋಡುವವರ ಗಮನವನ್ನು ಪರದೆಯ ಕಡೆಗೆ ದೂಡುತ್ತದೆ. ಕುಕ್ಕರ್‌ಜನ್ಯ ಶಿಳ್ಳೆಯು ನಾಯಕನ ತಾಯಿ ಕೊನೆಯುಸಿರೆಳೆಯುವ ಕಾಲಕ್ಕೆ ಸರಿಯಾಗಿ ಹೊಮ್ಮಿ ಗಮನವನ್ನು ಒಲೆಯ ಕಡೆಗೆ ಸೆಳೆಯುತ್ತದೆ. ಮೊದಲನೆಯದನ್ನು ಯಾರೂ ಎಣಿಸುವುದಿಲ್ಲ. ಎರಡನೆಯದನ್ನು ಎಣಿಸದಿದ್ದರೆ ಬೇಳೆ ಹತ್ತುತ್ತದೆ. ‘ಎಷ್ಟಾಯ್ತು, ಮೂರೋ ನಾಲ್ಕೋ?’ ಎಂಬ ಪ್ರಶ್ನೆ ಒಳಗಿನಿಂದ ಬಂದ ಮೇಲೆ ಯಾವ ತಾಯಿಯ ಮರಣವೂ ಕರುಣರಸಕ್ಕೆ ಏರಲಾರದು. ಅಷ್ಟರಲ್ಲಿ ಯಾರೋ ರಿಮೋಟ್ ಒತ್ತಿ ಚಿತ್ರವನ್ನು ನಿಲ್ಲಿಸುತ್ತಾರೆ, ಬಾಯಿ ಅರೆ ತೆರೆದ ತಾಯಿ ಕಾಲು ಗಂಟೆ ಹಾಗೆಯೇ ಇರುತ್ತಾಳೆ, ಮನೆಮಂದಿಯೆಲ್ಲ ಸಾರಿಗೆ ಉಪ್ಪು ಸಾಲದೆಂಬ ವಿಚಾರ ಮುಗಿಸಿ ಬಂದ ಮೇಲೆ ಮತ್ತೆ ಸಾಯತೊಡಗುತ್ತಾಳೆ.

ಭರತನ ನಾಟ್ಯಶಾಸ್ತ್ರವು ಪ್ರಯೋಗದ ಯಶಸ್ಸನ್ನು ಸಿದ್ಧಿ ಎಂದು ಕರೆದು ಮಾನುಷೀ, ದೈವಿಕೀ ಎಂದು ಎರಡಾಗಿ ವಿಂಗಡಿಸುತ್ತದೆ. ಮುಗುಳ್ನಗೆಯಿಂದ ಹಿಡಿದು ಗಟ್ಟಿಯಾಗಿ ನಗುವುದು, ಭೇಷೆಂದು ಕೂಗುವುದು, ಅಯ್ಯೋ ಎನ್ನುವುದು, ರೋಮಾಂಚನಗೊಳ್ಳುವುದು, ಕುಳಿತಲ್ಲಿಂದ ಎದ್ದು ನಿಲ್ಲುವುದು, ಬಟ್ಟೆ ಉಂಗುರಗಳನ್ನು ರಂಗದ ಮೇಲೆ ಎಸೆಯುವುದು ಮಾನುಷೀ ಸಿದ್ಧಿಯ ಲಕ್ಷಣ. ಪರದೆಯ ಮೇಲೆ ಚಿಲ್ಲರೆ ಕಾಸು ತೂರುವ ಗಾಂಧಿ ಕ್ಲಾಸಿನ ಪದ್ಧತಿಯನ್ನು ಅಸಂಸ್ಕೃತವೆಂದು ಬಾಲ್ಕನಿಯವರು ಮೂಗು ಮುರಿಯುತ್ತಿದ್ದರಲ್ಲ, ಶಾಸ್ತ್ರ ಯಾರ ಕಡೆಗಿತ್ತೆಂಬುದು ಇದರಿಂದ ಗೊತ್ತಾಗುತ್ತದೆ. ಇನ್ನು ದೈವಿಕೀ ಸಿದ್ಧಿಗೆ ಗದ್ದಲವಾಗಲಿ ಉತ್ಪಾತವಾಗಲಿ ಇರಬಾರದು, ರಂಗ ತುಂಬಿರಬೇಕು. ಹೌಸ್‌ಫುಲ್ ಬೋರ್ಡನ್ನು ದೈವಿಕವೆಂದು ಮೊದಲು ಗುರುತಿಸಿದ ಕೀರ್ತಿ ಹೀಗೆ ಭರತನಿಗೆ ಸಲ್ಲುತ್ತದೆ. 1972ರ ‘ಬಂಗಾರದ ಮನುಷ್ಯ’ವು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರವೊಂದರಲ್ಲೇ ಎರಡು ವರ್ಷ ಓಡಿದ್ದನ್ನು ದೈವಿಕೀ ಎನ್ನದೆ ಬೇರೆ ದಾರಿಯಿಲ್ಲ. ಮನೆಯಲ್ಲಿ ಎರಡನೆಯ ಸಿದ್ಧಿ ಮಾವನ ಕಡೆಯವರು ಹೇಳದೆ ಕೇಳದೆ ಬಂದಿಳಿದಾಗ ಮಾತ್ರ ಸಾಧ್ಯ. ಆಗ ಮೊದಲ ಲಕ್ಷಣವಾದ ನಿಶ್ಶಬ್ದತೆ ಕೆಡುತ್ತದೆ.

ಸೋಫಾಪಕ್ಷದ ಅತ್ಯಂತ ಬಲವಾದ ಅಸ್ತ್ರ 1987ರ ಜನವರಿ 25ರ ಭಾನುವಾರ. ಅಂದು ದೂರದರ್ಶನದಲ್ಲಿ ‘ರಾಮಾಯಣ’ ಆರಂಭವಾಗಿ ಮರುವರ್ಷದ ಜುಲೈವರೆಗೆ ನಡೆಯಿತು, ಮನೆಯಲ್ಲಿಯೇ ನಡೆಯಿತು, ರಸಕ್ಕೆ ಯಾವ ಕೊರತೆಯೂ ಆಗಲಿಲ್ಲ ಎಂದು ಅವರು ವಾದಿಸುತ್ತಾರೆ. ಆದರೆ ಅದು ಯಾವ ಮನೆ? ಬೀದಿಗೊಂದು ಟಿವಿಯಿದ್ದ ಕಾಲದ ಮನೆ. ಬಾಗಿಲಲ್ಲಿ ಚಪ್ಪಲಿಯ ರಾಶಿ, ಕಿಟಕಿಯ ಸರಳುಗಳ ನಡುವೆ ಮುಖಗಳು, ಟಿವಿಗೆ ಹೂವಿನ ಹಾರ, ಊದುಬತ್ತಿ. ಮನೆಯ ಯಜಮಾನನಿಗೆ ತನ್ನದೇ ಕುರ್ಚಿ ಸಿಗುತ್ತಿರಲಿಲ್ಲ. ನಿಲ್ಲಿಸುವ ಗುಂಡಿ ಆ ಟಿವಿಗೆ ಇರಲಿಲ್ಲ, ಯುದ್ಧಕಾಂಡವನ್ನು ಮುಂದೂಡುವ ಅಧಿಕಾರ ದೆಹಲಿಗೆ ಮಾತ್ರ ಇತ್ತು. ಆದ್ದರಿಂದ ಅದು ಗೃಹದರ್ಶನವಲ್ಲ, ಬಾಡಿಗೆ ಕೊಡದೆ ಹಾಕಿದ ಟೆಂಟು.

ನಿಜವಾದ ಗೃಹದರ್ಶನ ಆರಂಭವಾದದ್ದು 2020ರಲ್ಲಿ. ಕೊರೊನಾದಿಂದ ಥಿಯೇಟರುಗಳು ಮುಚ್ಚಿದ್ದ ಆ ಜುಲೈಯಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಎಂಬ ಕನ್ನಡ ಚಿತ್ರಗಳು ನೇರವಾಗಿ ಒಟಿಟಿಗೆ, ಅಂದರೆ ಇಂಟರ್‌ನೆಟ್ಟಿನ ಮೂಲಕ ಮನೆಯ ಪರದೆಗೆ ಬಂದವು. ಅದೇ ವರ್ಷ ಮೈಸೂರಿನ ಶಾಂತಲಾ ಚಿತ್ರಮಂದಿರ ಶಾಶ್ವತವಾಗಿ ಬಾಗಿಲು ಹಾಕಿತು. ಹೊಯ್ಸಳರ ರಾಣಿಯ ಹೆಸರು ಹೊತ್ತ ಕಟ್ಟಡಕ್ಕೆ ಹೊಯ್ಸಳರ ಕಲ್ಲಿನ ಆಯುಸ್ಸು ಸಿಗಲಿಲ್ಲವೆಂಬುದನ್ನು ಇಲ್ಲಿ ತಮಾಷೆಯಿಲ್ಲದೆ ದಾಖಲಿಸಬೇಕಾಗಿದೆ. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಗೆ ಬಂದಾಗ ದೈವದ ಕೂಗಿಗೆ ಥಿಯೇಟರಿನಲ್ಲಿ ಕುಳಿತವರ ಎದೆ ನಡುಗಿತು. ಅದೇ ಕೂಗು ಫೋನಿಗೆ ಬಂದ ಮೇಲೆ, ಪಕ್ಕದ ಮನೆಯ ಹುಡುಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಿದೆಯೆಂಬ ಕಾರಣಕ್ಕೆ ದೈವವು ಪಿಸುಗುಟ್ಟಬೇಕಾಯಿತು. ವಿರಾಮಾಧಿಕಾರದ ತಂಗಿಯಾದ ಧ್ವನ್ಯಧಿಕಾರವನ್ನು ಇದರಿಂದ ಊಹಿಸಿಕೊಳ್ಳಬಹುದು.

ಥಿಯೇಟರು ನಿರ್ದೋಷಿಯೆಂದು ಇದರ ತಾತ್ಪರ್ಯವಲ್ಲ. ಪ್ರಯೋಗಕ್ಕೆ ಗಾಳಿ, ಬೆಂಕಿ, ಮಳೆ, ಆನೆ, ಹಾವುಗಳಿಂದ ಆಗುವ ಘಾತಗಳನ್ನು ಭರತನು ಎಣಿಸಿದ್ದಾನೆ. ಮುಂದಿನ ಸಾಲಿನಲ್ಲಿ ಕುಳಿತು, ಕತ್ತಲೆಯಲ್ಲಿ ಫೋನು ಬೆಳಗಿಸಿ, ‘ಪಿಕ್ಚರಲ್ಲಿದ್ದೀನಿ ಕಣೋ, ಆಮೇಲೆ ಮಾಡ್ತೀನಿ’ ಎಂದು ಹೇಳಿ ಆಮೇಲೂ ಇಡದೆ ಮಾತಾಡುವವನು ಇವುಗಳಲ್ಲಿ ಆನೆಯ ವರ್ಗಕ್ಕೆ ಸೇರುತ್ತಾನೆ.

ಕೊನೆಯದಾಗಿ ಹಣದ ವಿಚಾರ. ಟಿಕೆಟ್ ದರವು ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದೆಂದು ಕರ್ನಾಟಕ ಸರ್ಕಾರವು 2025ರ ಸೆಪ್ಟೆಂಬರ್ 12ರಂದು ನಿಯಮ ಹೊರಡಿಸಿತು. ಹನ್ನೊಂದು ದಿನಗಳಲ್ಲಿ ಹೈಕೋರ್ಟು ಅದಕ್ಕೆ ತಡೆಯಾಜ್ಞೆ ನೀಡಿತು. ವ್ಯವಹಾರವು ನ್ಯಾಯಾಲಯದ ಮುಂದೆ ಹೋದದ್ದರಿಂದ ಆ ಬಗ್ಗೆ ಇಲ್ಲಿ ಏನನ್ನೂ ಹೇಳಲಾಗದು. ಆದರೆ ಆ ನಿಯಮದ ಒಂದು ವಿನಾಯಿತಿ ಶಾಸ್ತ್ರದೃಷ್ಟಿಯಿಂದ ಬಹಳ ಮುಖ್ಯ: ವಿಶೇಷ ಸೌಕರ್ಯಗಳಿದ್ದು 75 ಅಥವಾ ಅದಕ್ಕಿಂತ ಕಡಿಮೆ ಸೀಟುಗಳಿರುವ ಬಹುಪರದೆಯ ಮಂದಿರಗಳಿಗೆ ಆ ಮಿತಿ ಅನ್ವಯಿಸುವುದಿಲ್ಲ. ಕಾಲು ಚಾಚಲು ಸೋಫಾ, ಕರೆದರೆ ಕಾಫಿ, ನಾಲ್ಕೇ ಸೀಟು, ಕೋಣೆಗೊಂದರಂತೆ ಟಿವಿಯಲ್ಲದೆ ತಲೆಗೊಂದರಂತೆ ಫೋನು ಸೇರಿ ಬಹುಪರದೆ, ಇವೆಲ್ಲ ಇರುವ ಸಾಮಾನ್ಯ ಮನೆಯು ಈ ವ್ಯಾಖ್ಯೆಗೆ ಪೂರ್ಣವಾಗಿ ಒಳಪಡುತ್ತದೆ. ಆದ್ದರಿಂದ ಮುಂದಿನ ಭಾನುವಾರ ಮಗನು ಹಾಲಿನಲ್ಲಿ ಸಿನಿಮಾ ನೋಡಲು ಕುಳಿತಾಗ ಅಜ್ಜಿಯು ಅವನಿಂದ ಎಷ್ಟು ಬೇಕಾದರೂ ವಸೂಲು ಮಾಡಬಹುದು. ಅದಕ್ಕೆ ಸರ್ಕಾರದ ಅಡ್ಡಿಯಿಲ್ಲ, ಕಾಫಿಯ ಬೆಲೆ ಬೇರೆ.