ಕೋಳಿಗುಂಟು, ಮಾವನಿಗಿಲ್ಲ

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದ ಮೂರನೇ ರಾತ್ರಿಯೇ ನನ್ನ ಗೊರಕೆಯ ಬಗ್ಗೆ ಮನೆಮಂದಿಯ ಪಂಚಾಯ್ತಿ ಸೇರಿತು. ಅಲ್ಲಿನ ಒಳಗೋಡೆಗಳೋ ಹಪ್ಪಳದ ದಪ್ಪ. "ಅದಕ್ಯಾಕೆ ಇಷ್ಟು ರಾಮಾಯಣ? ಹಿತ್ತಿಲಲ್ಲಿ ಮರದ ಶೆಡ್ ಇದೆಯಲ್ಲ, ಅಲ್ಲೊಂದು ಮಂಚ ಹಾಕಿಸಿ" ಅಂದೆ. ಅಳಿಯಂದಿರು ಹೌಹಾರಿದರು. "ಅದಾಗಲ್ಲ ಮಾವ, ಕಾನೂನು ಒಪ್ಪಲ್ಲ."

ಗುಮಾಸ್ತಗಿರಿಯಲ್ಲೇ ಕೂದಲು ನೆರೆಸಿಕೊಂಡವನು ನಾನು. ನಿಯಮ ಓದದೆ ಬಿಡುತ್ತೇನೆಯೇ? ಅನುಮತಿ ಕೇಳದೆ ಶೆಡ್ ಕಟ್ಟಬಹುದಂತೆ. ಆದರೆ ಮನೆಯ ಮುಂದೆ ಕೂಡದು, ಮಹಡಿ ಕೂಡದು, ಮನೆ ಸುತ್ತಲಿನ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗಕೂಡದು. ಎರಡಿಳಿಜಾರಿನ ಮಾಡಾದರೆ 4 ಮೀಟರ್ ಎತ್ತರ, ಬೇರೆ ಥರದ್ದಾದರೆ 3. ಬೇಲಿಗೆ 2 ಮೀಟರಿಗಿಂತ ಹತ್ತಿರವಿದ್ದರೆ ಮಾತ್ರ ಎರಡೂವರೆ ಮೀಟರಿಗೇ ನಿಲ್ಲಬೇಕು. ಮಗಳ ಹಿತ್ತಿಲಿನ ಅಗಲವೇ ಐದು ಮೀಟರ್. ಆ ಕಡೆ ಎರಡು, ಈ ಕಡೆ ಎರಡು ಬಿಟ್ಟರೆ ಉಳಿಯುವುದು ಚಾಪೆ ಹಾಸುವಷ್ಟು ಜಾಗ. ಅದಕ್ಕೇ ಆ ಬೀದಿಯ ಶೆಡ್‌ಗಳೆಲ್ಲ ಬೇಲಿಗಾತು ತಲೆ ತಗ್ಗಿಸಿ ನಿಂತಿವೆ.

ಮುಂದಿನದು ನೋಡಿ. ಇದೇ ನಿಯಮ ಕೋಳಿ ಸಾಕಿ, ಜೇನು ಸಾಕಿ, ಈಜುಕೊಳವನ್ನೂ ತೋಡಿಕೊಳ್ಳಿ ಅನ್ನುತ್ತದೆ. ಮನುಷ್ಯನ ಮಲಗುವ ಕೋಣೆಗೆ ಮಾತ್ರ ತಕರಾರು. "ಕೋಳಿಯಾಗಿ ಹುಟ್ಟಿದ್ದರೆ ನಿಮಗೂ ಜಾಗ ಸಿಗ್ತಿತ್ತು" ಅಂದಳು ನನ್ನವಳು.

ತಮಾಷೆ ಬಿಡಿ, ಕಾರಣವಿದೆ. ಇಂಥ ಶೆಡ್‌ಗಳಿಗೆ ಹಾಸಿಗೆ ತುರುಕಿ ಬಡ ವಲಸಿಗರಿಂದ ಬಾಡಿಗೆ ಕೀಳುವ ದಂಧೆ ಅಲ್ಲಿದೆ. 2013ರಲ್ಲಿ ಸ್ಲೌ ನಗರಾಡಳಿತ ವಿಮಾನ ಹಾರಿಸಿ, ಶಾಖ ಗುರುತಿಸುವ ಕ್ಯಾಮೆರಾದಲ್ಲಿ ಹಿತ್ತಿಲು ಹಿತ್ತಿಲು ಜಾಲಾಡಿತ್ತು. ನನ್ನ ಗೊರಕೆ ಪೈಲಟ್ಟಿಗೆ ಕೇಳಿಸದಿದ್ದರೂ ಮೈಬಿಸಿ ಕಾಣದೆ ಇರುತ್ತದೆಯೇ?

ಬಚ್ಚಿಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಸರ್ರೆಯ ರೈತನೊಬ್ಬ ಹುಲ್ಲುಪಿಂಡಿ ಒಟ್ಟಿ, ಅದರ ಹಿಂದೆ ಕೋಟೆಯಂಥ ಮನೆ ಕಟ್ಟಿ, ಸಂಸಾರ ಸಮೇತ ಅಡಗಿದ್ದ. ನಾಲ್ಕು ವರ್ಷ ಯಾರೂ ಆಕ್ಷೇಪಿಸದಿದ್ದರೆ ಮನೆ ದಕ್ಕುತ್ತಿದ್ದ ಕಾಲ ಅದು. 2006ರಲ್ಲಿ ಬಣವೆ ಸರಿಸಿ ಕೋಟೆ ತೋರಿಸಿದ. ಬಣವೆ ತೆಗೆಯುವುದೂ ಕಟ್ಟಡದ ಕೆಲಸವೇ, ಆದ್ದರಿಂದ ಮನೆ ಮುಗಿದದ್ದೇ ಅದನ್ನು ತೆಗೆದ ಮೇಲೆ, ನಾಲ್ಕು ವರ್ಷ ಎಲ್ಲಿ ಆಯಿತು ಅಂದರು ಅಧಿಕಾರಿಗಳು! ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಈ ತೀರ್ಪಿನ ಬುದ್ಧಿಗೆ ಯಾವ ಶಾನುಭೋಗರೂ ಕೈಮುಗಿಯಬೇಕು. 2016ರಲ್ಲಿ ಕೋಟೆ ನೆಲಸಮವಾಯಿತು. ಈಗಂತೂ ಅಲ್ಲಿ ನಾಲ್ಕರ ಜಾಗಕ್ಕೆ ಹತ್ತು ವರ್ಷ ಬಂದಿದೆ. ನನ್ನ ವೀಸಾ ಆರೇ ತಿಂಗಳದ್ದು.

ಹಾಗಾಗಿ ನಾನು ಹಾಲ್‌ನ ಸೋಫಾ ಮೇಲೆ ಮುದುರಿಕೊಂಡೆ. ಹುಲ್ಲು ಕತ್ತರಿಸುವ ಯಂತ್ರ ಶೆಡ್ಡಿನಲ್ಲಿ ಕಾಲು ಚಾಚಿ ಮಲಗಿತ್ತು.